ಆ್ಯಂಟೀಕ್ ಅಂಗಡಿಯಲ್ಲಿ ಹಳೇ ಕ್ರಿಕೆಟ್ ಸಿಗರೇಟ್ ಕಾರ್ಡು: ಫ್ರೇಮ್ ತಗೊಳ್ಳಲಾ, ಬಿಡಿ ಕಾರ್ಡಾ?

ಸಕಲೇಶಪುರದವ:

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಡರ್ಬಿಯಲ್ಲಿ ಕೆಲಸದಲ್ಲಿದ್ದೇನೆ. ಶನಿವಾರ ಮಳೆ ಬಂತು ಅಂತ ಊರಾಚೆಯ ಒಂದು ಆ್ಯಂಟೀಕ್ ಸೆಂಟರ್ ಒಳಗೆ ಹೊಕ್ಕೆ. ಹಳೇ ಮಿಲ್ ಕಟ್ಟಡ, ಒಳಗೆ ನೂರಾರು ಗಾಜಿನ ಬೀರು. ಮೇಲಿನ ಮಹಡಿಯ ಗೋಡೆಯಲ್ಲಿ ಒಂದು ಫ್ರೇಮ್ ಇತ್ತು. ಅದರಲ್ಲಿ ಹಿಂದೆ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ 50 ಪುಟ್ಟ ಬಣ್ಣದ ಚಿತ್ರಗಳು, ಎಲ್ಲ ಕ್ರಿಕೆಟ್ ಆಟಗಾರರು. ಆಸ್ಟ್ರೇಲಿಯಾದ ಬ್ರಾಡ್ಮನ್, ಇಂಗ್ಲೆಂಡಿನ ಹ್ಯಾಮಂಡ್ ಗುರುತು ಸಿಕ್ಕಿದರು. ಚೀಟಿಯಲ್ಲಿ "ಪ್ಲೇಯರ್ಸ್, 1938" ಅಂತ ಬರೆದು 85 ಪೌಂಡ್ ಹಾಕಿದ್ದರು. ಕೆಳಗೆ ಇನ್ನೊಂದು ಕಡೆ ತಂಬಾಕಿನ ಹಳೇ ಡಬ್ಬಿಯಲ್ಲಿ ಇದೇ ಥರದ ಬಿಡಿ ಕಾರ್ಡುಗಳಿದ್ದವು. ಯಾವುದು ತೆಗೆದರೂ ಒಂದು ಪೌಂಡ್.

ಇದು ನಮ್ಮಪ್ಪನಿಗೆ. 1974ರ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ಗವಾಸ್ಕರ್‌ನನ್ನು ಬೌಲ್ಡ್ ಮಾಡಿದ್ದನ್ನು ಸ್ಟೇಡಿಯಮ್ಮಿನಲ್ಲೇ ಕೂತು ನೋಡಿದವರು. ಆ ಕಥೆಯನ್ನು ಈಗಲೂ ಬಾಲ್ ಬಾಲ್ ಲೆಕ್ಕದಲ್ಲಿ ಹೇಳುತ್ತಾರೆ. ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಏನಾದರೂ ಒಯ್ಯಬೇಕು. ಫ್ರೇಮ್ ನೋಡಲು ಚೆನ್ನಾಗಿದೆ. ಆದರೆ ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತೆ? 85 ಜಾಸ್ತಿ ಅಲ್ವಾ?

ಪೆವಿಲಿಯನ್ ಎಂಡ್:

ಸುಮ್ನೆ ಆನ್‌ಲೈನ್‌ನಲ್ಲಿ ತಗೊಳ್ಳಿ ಗುರು. ಇಡೀ ಸೆಟ್ಟು ಮನೆ ಬಾಗಿಲಿಗೆ ಬರುತ್ತೆ. ಆ್ಯಂಟೀಕ್ ಅಂಗಡಿಯವರು ಬಾಡಿಗೆನೂ ಸೇರಿಸಿ ರೇಟ್ ಹಾಕ್ತಾರೆ.

ತಗಡಿನ ಡಬ್ಬಿ ಅಕ್ಕ:

ಇರಪ್ಪ, ಆ ಫ್ರೇಮಿಗೆ ಇನ್ನೂ ದುಡ್ಡು ಕೊಡಬೇಡ.

ನಾನು ದಾವಣಗೆರೆಯವಳು, ಈಗ ನಾಟಿಂಗ್‌ಹ್ಯಾಮ್ ವಾಸ. ನೀನು ನೋಡಿದ ಚೀಟಿಯ "ಪ್ಲೇಯರ್ಸ್" ಅಂದರೆ ಜಾನ್ ಪ್ಲೇಯರ್ ಅಂಡ್ ಸನ್ಸ್. ಅವರ ಸಿಗರೇಟ್ ಕಾರ್ಖಾನೆ ಇದ್ದದ್ದು ಇದೇ ಊರಿನ ರ್ಯಾಡ್‌ಫರ್ಡ್‌ನಲ್ಲಿ. ಹಾಗಾಗಿ ಇಲ್ಲಿ ಯಾರ ಮನೆ ಅಟ್ಟ ಖಾಲಿ ಮಾಡಿದರೂ ಈ ಕಾರ್ಡು ಉದುರುತ್ತವೆ. ನಮ್ಮ ಮನೆಯಲ್ಲಿ ಸಿಗರೇಟು ಮುಟ್ಟಿದವರು ಯಾರೂ ಇಲ್ಲ. ಆದರೆ ಸಿಗರೇಟ್ ಕಾರ್ಡು ಶೂ ಬಾಕ್ಸ್‌ಗಟ್ಟಲೆ ಇವೆ. ನೆಂಟರು ಬಂದಾಗ ಆ ಕಪಾಟು ತೆಗೆಯಬಾರದು ಅಂತ ನಮ್ಮ ಯಜಮಾನರ ಕಟ್ಟಪ್ಪಣೆ.

ಮೊದಲು ಇದು ತಿಳಿದಿರಲಿ. ಹಳೇದು ಅಂದ ಮಾತ್ರಕ್ಕೆ ದುಬಾರಿ ಅಲ್ಲ. ಆಗಿನ ಸಿಗರೇಟ್ ಪ್ಯಾಕು ಬರೀ ಮೆತ್ತನೆ ಕಾಗದ. ಸಿಗರೇಟು ಬಾಗಬಾರದು ಅಂತ ಒಳಗೆ ಒಂದು ರಟ್ಟಿನ ಚೂರು ಇಡುತ್ತಿದ್ದರು. ಆಮೇಲೆ ಆ ರಟ್ಟಿನ ಮೇಲೆ ಚಿತ್ರ ಹಾಕಿದರು, ನಂಬರ್ ಕೊಟ್ಟರು, 25ರ ಅಥವಾ 50ರ ಸೆಟ್ಟು ಮಾಡಿದರು. ಸೆಟ್ಟು ಪೂರ್ತಿ ಆಗುವ ತನಕ ಗಿರಾಕಿ ಬೇರೆ ಬ್ರ್ಯಾಂಡಿಗೆ ಹೋಗುವುದಿಲ್ಲ ನೋಡು. ಹೀಗೆ ಅಚ್ಚಾದವು ಲಕ್ಷಗಟ್ಟಲೆ. ಎರಡನೇ ಮಹಾಯುದ್ಧದಲ್ಲಿ ಕಾಗದದ ಅಭಾವ ಬಂದು 1940ರಲ್ಲಿ ನಿಂತುಹೋಯಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಎಡ್ವರ್ಡ್ ವಾರ್ಟನ್-ಟೈಗರ್ ಅನ್ನುವವರು ಬಿಟ್ಟುಹೋದ ಸಂಗ್ರಹದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಕಾರ್ಡುಗಳಿವೆ. ಒಬ್ಬ ಮನುಷ್ಯನ ಹತ್ತಿರ! ಪ್ಲೇಯರ್ಸ್‌ನ 1930ರ ದಶಕದ ಕಾರ್ಡು ಬಿಡಿಯಾಗಿ ಒಂದೆರಡು ಪೌಂಡಿಗೆ ಸಿಗುತ್ತದೆ. ಬ್ರಾಡ್ಮನ್ ಮಾತ್ರ ಬೇರೆ, ಅವನಿಗೆ ಯಾವಾಗಲೂ ಜಾಸ್ತಿ.

ಈಗ ಫ್ರೇಮ್ ವಿಷಯ. ಒಳ್ಳೆಯ ಫ್ರೇಮಿಗೆ ಎರಡೂ ಕಡೆ ಗಾಜು ಇರುತ್ತದೆ. ಇಳಿಸಿ ತಿರುಗಿಸಿ ನೋಡು. ಪ್ರತಿ ಕಾರ್ಡಿನ ಬೆನ್ನಿಗೆ ನಂಬರ್, ಆಟಗಾರನ ಹೆಸರು, ಅವನ ಬಗ್ಗೆ ಒಂದು ಪ್ಯಾರಾ, ಕೆಳಗೆ ಕಂಪನಿ ಹೆಸರು ಕಾಣಬೇಕು. ಬೆನ್ನಿಗೆ ಬರೀ ರಟ್ಟು ಬಡಿದು ಟೇಪ್ ಹಚ್ಚಿದ್ದರೆ ಕೈ ಮುಗಿದು ಬಂದುಬಿಡು. ಒಳಗಿರುವುದು ಈಚಿನ ಮರುಮುದ್ರಣ ಇರಬಹುದು. ಅಸಲಿಯೇ ಆದರೂ ಅಂಟಿಸಿದ್ದರೆ ಅದರ ಬೆಲೆ ಅರ್ಧಕ್ಕರ್ಧ ಹೋದಂತೆ. ಗೋಡೆಯ ಬಿಸಿಲಿಗೆ ಬಣ್ಣ ಸತ್ತಿರುವುದೂ ಉಂಟು. ಕ್ಯಾಪಿನ ಕಡುನೀಲಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಅದೇ ಕಾರಣ.

ಬಿಡಿ ಕಾರ್ಡಾದರೆ ನೋಡುವುದು ಸಲೀಸು. ಪ್ಲೇಯರ್ಸ್ ಕಾರ್ಡಿನ ಅಳತೆ ಸುಮಾರು 68 ಮಿಲಿಮೀಟರ್ ಉದ್ದ, 36 ಅಗಲ. ಇದಕ್ಕಿಂತ ಅಗಲ ಕಡಿಮೆ ಇದ್ದರೆ ಸವೆದ ಅಂಚನ್ನು ಯಾರೋ ಕತ್ತರಿಸಿದ್ದಾರೆ. ಭೂತಗನ್ನಡಿ ಹಿಡಿದು ಚಿತ್ರ ಬಿಟ್ಟು ಅಕ್ಷರ ನೋಡು. ಚಿತ್ರದಲ್ಲಿ ಚುಕ್ಕಿ ಇದ್ದರೆ ಚಿಂತೆಯಿಲ್ಲ, ಅಸಲಿಯಲ್ಲೂ ಇರುತ್ತದೆ. ಅಸಲಿಯ ಅಕ್ಷರಕ್ಕೆ ಮಾತ್ರ ಗಟ್ಟಿ ಮಸಿ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಅಕ್ಷರವೂ ಚುಕ್ಕಿ ಚುಕ್ಕಿಯಾಗಿ ಒಡೆದಿರುತ್ತದೆ. ಇನ್ನೊಂದು ಉಪಾಯ, ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚು. ಕಾಗದಕ್ಕೆ ಬಿಳುಪಿನ ರಾಸಾಯನಿಕ ಸೇರಿಸುವ ರೂಢಿ ಬಂದದ್ದು ಯುದ್ಧದ ನಂತರ. 1938ರ ಕಾರ್ಡು ಆ ಬೆಳಕಿಗೆ ಮಂಕಾಗಿ ಕೂರುತ್ತದೆ. ನೀಲಿ ಬಿಳುಪಾಗಿ ಹೊಳೆದರೆ ಅದು 38ರದ್ದಲ್ಲ. ಮರ್ಯಾದಸ್ಥ ಪ್ರಕಾಶಕರು ಬೆನ್ನಿಗೇ ಮರುಮುದ್ರಣ ಅಂತ ಹಾಕಿರುತ್ತಾರೆ. ಅದನ್ನು ಓದದೆ ಕೊಂಡರೆ ಅಂಗಡಿಯವನನ್ನು ಬೈಯುವ ಹಾಗಿಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಇದಲ್ಲ. ನಿಮ್ಮಪ್ಪ ರಣಜಿ ಪಂದ್ಯ ನೋಡಿದವರು ಅಂದೆ. ಹಾಗಾದರೆ ಅವರಿಗೆ ಹ್ಯಾಮಂಡ್ ಯಾಕೆ? ರಣಜಿಯವರನ್ನೇ ಒಯ್ಯಿ!

ಕ್ರಿಕೆಟ್ ಟ್ರೋಫಿಗಳಿಗೆ ಹೆಸರು ಕೊಟ್ಟ ನಮ್ಮ ಮೂರು ಜನ ಈ ಇಂಗ್ಲಿಷ್ ಕಾರ್ಡುಗಳಲ್ಲಿ ಮುಖ ತೋರಿಸುತ್ತಾರೆ. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅದಕ್ಕೂ ಮುಂಚೆ ಟೆಸ್ಟ್ ಆಡಬೇಕಾದರೆ ಇಂಗ್ಲೆಂಡಿಗೇ ಆಡಬೇಕಿತ್ತು. ರಣಜಿತ್‌ಸಿಂಹಜಿ 1896ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟಿನಲ್ಲೇ 62, ಆಮೇಲೆ ಔಟಾಗದೆ 154. ಅವರ ಕಾರ್ಡು ವಿಲ್ಸ್ ಸಿಗರೇಟ್ ಕಂಪನಿಯ 1901ರ ಸರಣಿಯಲ್ಲಿದೆ. ಆಗ್ಡೆನ್ಸ್ ಕಂಪನಿಯ ಗಿನಿ ಗೋಲ್ಡ್ ಸಿಗರೇಟಿನಲ್ಲಿ ಕಪ್ಪು ಬಿಳುಪು ಫೋಟೋ ಕಾರ್ಡೂ ಬಂದಿತ್ತು. ನನಗೆ ಆ ಫೋಟೋ ಕಾರ್ಡೇ ಇಷ್ಟ. ಬಣ್ಣದ ಚಿತ್ರದಲ್ಲಿ ಎಲ್ಲರಿಗೂ ಒಂದೇ ಕೆಂಪು ಕೆನ್ನೆ. (1996ರ ವಿಲ್ಸ್ ವರ್ಲ್ಡ್ ಕಪ್ ನೆನಪಿದೆಯಲ್ಲ? ಆ ಹೆಸರಿನ ಮೂಲ ಬ್ರಿಸ್ಟಲ್‌ನ ಇದೇ ವಿಲ್ಸ್ ಮನೆತನ.)

ಎರಡನೆಯವರು ದುಲೀಪ್‌ಸಿಂಹಜಿ, ರಣಜಿಯವರ ಸೋದರನ ಮಗ. 1930ರಲ್ಲಿ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 173 ಹೊಡೆದರು. ಪಾಪ, ಅದೇ ಪಂದ್ಯದಲ್ಲಿ ಬ್ರಾಡ್ಮನ್ 254 ಹೊಡೆದುಬಿಟ್ಟ. ಇವರನ್ನು ಪ್ಲೇಯರ್ಸ್‌ನ 1930ರ ಸೆಟ್ಟಿನಲ್ಲಿ ಹುಡುಕು. ಮೂರನೆಯವರು ನವಾಬ್ ಆಫ್ ಪಟೌಡಿ, ನಮ್ಮ ಟೈಗರ್ ಪಟೌಡಿಯ ತಂದೆ. 1932-33ರಲ್ಲಿ ಇಂಗ್ಲೆಂಡ್ ಬೌಲರುಗಳು ಆಸ್ಟ್ರೇಲಿಯಾದವರ ಮೈಗೇ ಗುರಿಯಿಟ್ಟ ಬಾಡಿಲೈನ್ ಸರಣಿಯಲ್ಲಿ ಇಂಗ್ಲೆಂಡ್ ಪರ ಸಿಡ್ನಿಯಲ್ಲಿ ಮೊದಲ ಟೆಸ್ಟಿಗೇ 102 ಹೊಡೆದವರು. 1946ರಲ್ಲಿ ಭಾರತದ ಕ್ಯಾಪ್ಟನ್ ಆಗಿ ಇಂಗ್ಲೆಂಡಿಗೇ ಬಂದರು. ಇಂಗ್ಲೆಂಡಿಗೂ ಭಾರತಕ್ಕೂ ಟೆಸ್ಟ್ ಆಡಿದವರು ಅವರೊಬ್ಬರೇ. ಅವರು 1934ರ ಪ್ಲೇಯರ್ಸ್ ಸೆಟ್ಟಿನಲ್ಲಿದ್ದಾರೆ.

ಈ ಮೂರನ್ನು ಹುಡುಕಿಕೊಂಡರೆ 85 ಪೌಂಡ್ ಬೇಕಾಗುವುದಿಲ್ಲ. ಪಟೌಡಿ, ದುಲೀಪ್ ಅಗ್ಗ. ರಣಜಿಗೆ ಸ್ವಲ್ಪ ಜೇಬು ಬಿಚ್ಚಬೇಕು.

ಎಲ್ಲಿ ಹುಡುಕುವುದು ಅಂದರೆ, "ಸ್ಪೋರ್ಟ್ಸ್" ಅಂತ ಬೋರ್ಡ್ ಇರುವ ಬೀರು ಬಿಟ್ಟುಬಿಡು. ಅಲ್ಲಿ ಮಾರುವವನಿಗೆ ಬ್ರಾಡ್ಮನ್ ಎಲ್ಲಿದ್ದಾನೆ ಅಂತ ನಿನಗಿಂತ ಚೆನ್ನಾಗಿ ಗೊತ್ತು. ಹಳೇ ಪೋಸ್ಟ್‌ಕಾರ್ಡ್ ಡಬ್ಬ, ಮೆಡಲ್ ಮಾರುವವರ ಮೇಜು, ತಂಬಾಕಿನ ಡಬ್ಬಿ, ಪುಸ್ತಕದ ರಾಶಿಯ ಅಡಿ ಇರುವ ಆಲ್ಬಮ್, ಇವನ್ನು ನೋಡು. ಹೂವು, ಹಡಗು, ಹಕ್ಕಿ ಕಾರ್ಡುಗಳ ಮಧ್ಯೆ ಕ್ರಿಕೆಟ್ಟಿನವರು ಸೇರಿಕೊಂಡಿರುತ್ತಾರೆ. ನೆವಾರ್ಕ್ ಶೋಗ್ರೌಂಡಿನ ದೊಡ್ಡ ಆ್ಯಂಟೀಕ್ ಸಂತೆ ನಿನಗೆ ದೂರವೇನಲ್ಲ, ಕಾರಿದ್ದರೆ ಲಿಂಕನ್‌ಶೈರ್‌ನ ಹೆಮ್ಸ್‌ವೆಲ್‌ಗೂ ಹೋಗಬಹುದು. ಆನ್‌ಲೈನ್ ಅಂದವರಿಗೆ ಒಂದು ಮಾತು: ಫೋಟೋದಲ್ಲಿ ಕಾಗದದ ವಾಸನೆ ಬರುವುದಿಲ್ಲ, ಟಾರ್ಚೂ ಹಿಡಿಯಲಾಗುವುದಿಲ್ಲ.

ಬೆಲೆ ಕೇಳಲು ನಾಚಿಕೆ ಬೇಡ. ಕೌಂಟರಿನಲ್ಲಿ ಕೂತವರು ಮಾಲೀಕರಲ್ಲ, ಬೀರುಗಳನ್ನು ಬೇರೆ ಬೇರೆ ವ್ಯಾಪಾರಿಗಳು ಬಾಡಿಗೆಗೆ ಹಿಡಿದಿರುತ್ತಾರೆ. ಚೀಟಿಯ ಮೂಲೆಯಲ್ಲಿ ವ್ಯಾಪಾರಿಯ ಕೋಡ್ ಇರುತ್ತದೆ. ಕೇಳಿದರೆ ಅವರಿಗೆ ಫೋನ್ ಮಾಡುತ್ತಾರೆ. ನೂರಕ್ಕೆ ಹತ್ತು ಬಿಡುವುದು ಇಲ್ಲಿ ಮಾಮೂಲು. ಚಿಕ್ಕಪೇಟೆಯ ಚೌಕಾಸಿ ನಡೆಯುವುದಿಲ್ಲ, ಅರ್ಧಕ್ಕೆ ಕೇಳಿದರೆ ಮುಖ ತಿರುಗಿಸುತ್ತಾರೆ.

ಸಕಲೇಶಪುರದವ:

ಅಕ್ಕಾ, ತುಂಬಾ ಥ್ಯಾಂಕ್ಸ್. ಇವತ್ತು ಮತ್ತೆ ಹೋಗಿದ್ದೆ. ಫ್ರೇಮಿನ ಬೆನ್ನಿಗೆ ರಟ್ಟು, ಸುತ್ತ ಕಂದು ಟೇಪು. ಬಿಚ್ಚಿ ನೋಡಬಹುದಾ ಅಂದದ್ದಕ್ಕೆ ವ್ಯಾಪಾರಿ ಫೋನಿನಲ್ಲೇ ಬೇಡ ಅಂದರು. ಬಿಟ್ಟೆ. ಡಬ್ಬಿಯಲ್ಲಿ ಪಟೌಡಿ ಸಿಕ್ಕಿದರು! ಒಂದು ಮೂಲೆ ಸವೆದಿದೆ. ಟಾರ್ಚಿಗೆ ಮಂಕು. ರಣಜಿ, ದುಲೀಪ್ ಸಿಗಲಿಲ್ಲ.

ಇನ್ನೊಂದು ಪ್ರಶ್ನೆ. ಅದೇ ಡಬ್ಬಿಯ ಕೆಲವು ಕಾರ್ಡುಗಳ ಹಿಂದೆ ಇದು ಅಂಟುತ್ತೆ, ಒಂದು ಪೆನ್ನಿಯ ಆಲ್ಬಮ್ ಕೇಳಿ ತಗೊಳ್ಳಿ ಅಂತ ಅಚ್ಚಾಗಿದೆ. ಅದೇನು?

ತಗಡಿನ ಡಬ್ಬಿ ಅಕ್ಕ:

ಸವೆದ ಮೂಲೆ ಇರಲಿ ಬಿಡು. ಯಾವುದೋ ಹುಡುಗ ಚಡ್ಡಿ ಜೇಬಿನಲ್ಲಿಟ್ಟು ಸ್ಕೂಲಿಗೆ ಒಯ್ದಿರುತ್ತಾನೆ. ಮಾರುವವರಿಗೆ ಅದು ನಷ್ಟ, ನಿಮ್ಮಪ್ಪನಿಗಲ್ಲ.

ಆ ಸಾಲು ಓದಿದ್ದು ಒಳ್ಳೇದಾಯಿತು, ಯಾಕೆಂದರೆ ನಿಮ್ಮದು ಸಕಲೇಶಪುರ! 1930ರ ದಶಕದಲ್ಲಿ ಎಷ್ಟೋ ಸೆಟ್ಟುಗಳ ಬೆನ್ನಿಗೆ ಗೋಂದು ಸವರಿಯೇ ಮಾರಿದರು. ಅಂಚೆಚೀಟಿ ಥರ ಒದ್ದೆ ಮಾಡಿ ಆಲ್ಬಮ್ಮಿಗೆ ಅಂಟಿಸಬೇಕು. ಆ ಗೋಂದು ಇನ್ನೂ ಸತ್ತಿಲ್ಲ. ನಿಮ್ಮ ಕಡೆ ಆಷಾಢದ ಮಳೆಗೆ ಪುಸ್ತಕವೇ ಬೂಷ್ಟು ಹಿಡಿಯುತ್ತದೆ. ಅಂಥ ಕಾರ್ಡನ್ನು ಒಂದರ ಮೇಲೊಂದು ಇಟ್ಟರೆ ಇಟ್ಟಿಗೆಯಾಗುತ್ತದೆ. ಒಂದೊಂದಕ್ಕೂ ಬೇರೆ ಪಾಲಿಪ್ರೊಪಿಲೀನ್ ಕವರು ಹಾಕು. ಅಗ್ಗದ ಪಿವಿಸಿ ಬೇಡ, ಹೊಸ ಶವರ್ ಪರದೆಯ ವಾಸನೆ ಬಂದರೆ ಅದೇ. ಕವರು ಹಾಕಿದ್ದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ನಿಲ್ಲಿಸಿ ಇಡು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದ ಮುಂಚೆ ಪೊಟ್ಟಣ ಬದಲಾಯಿಸಲು ಹೇಳು. ಗೋಡೆಗೆ ಹಾಕಲೇಬೇಕು ಅಂದರೆ ಗಾಜು ಕಾರ್ಡಿಗೆ ತಾಗದ ಹಾಗೆ ಮಧ್ಯೆ ದಪ್ಪ ರಟ್ಟು ಕೊಡಿಸು. ವಿಮಾನದಲ್ಲಿ ಕೈಚೀಲದಲ್ಲೇ ಇರಲಿ.

ರಣಜಿ, ದುಲೀಪ್ ಸಿಗದಿದ್ದರೆ ಸಾಮರ್‌ಸೆಟ್‌ನ ಸಾಮರ್ಟನ್‌ನಲ್ಲಿರುವ ಲಂಡನ್ ಸಿಗರೇಟ್ ಕಾರ್ಡ್ ಕಂಪನಿಯವರನ್ನು ಕೇಳು. 1927ರಿಂದ ಇದೇ ವ್ಯಾಪಾರ. ಬಿಡಿ ಕಾರ್ಡನ್ನು ನಂಬರ್ ಲೆಕ್ಕದಲ್ಲಿ ಮಾರುತ್ತಾರೆ. ಅಂಗಡಿ ಸುತ್ತುವ ಮಜಾ ಇರುವುದಿಲ್ಲ ಅಷ್ಟೇ.

ಅವೆನ್ಯೂ ರೋಡ್ ಅಲೆಮಾರಿ:

ಅಕ್ಕ, ಬೆಂಗಳೂರಿನಲ್ಲಿ ಇವು ಸಿಗುತ್ತವಾ? ಅವೆನ್ಯೂ ರೋಡು, ಭಾನುವಾರದ ಸಂತೆ ಎಲ್ಲ ಸುತ್ತುತ್ತೇನೆ, ಒಂದೂ ಕಂಡಿಲ್ಲ. ನಮ್ಮ ಕಾಲದ ಬಿಗ್ ಫನ್ ಬಬಲ್‌ಗಮ್ ಚೀಟಿ ಇತ್ತಲ್ಲ, ರನ್ನು, ವಿಕೆಟ್ಟು ಬರೆದದ್ದು? ಅದನ್ನೂ ಯಾರೂ ಇಟ್ಟಿಲ್ಲ.

ತಗಡಿನ ಡಬ್ಬಿ ಅಕ್ಕ:

ಬಿಗ್ ಫನ್! ನಮ್ಮ ತಮ್ಮ ಅದಕ್ಕಾಗಿ ಹಲ್ಲು ಹಾಳು ಮಾಡಿಕೊಂಡ. ಅಮ್ಮ ಎಲ್ಲವನ್ನೂ ಒಲೆಗೆ ಹಾಕಿದರು. ಎಲ್ಲ ಮನೆಯಲ್ಲೂ ಅದೇ ಆಗಿದ್ದರಿಂದಲೇ ಈಗ ಸಿಗುವುದಿಲ್ಲ.

ಇಂಗ್ಲಿಷ್ ಕಾರ್ಡು ನಿಮ್ಮಲ್ಲಿ ಸಿಗುವ ಸಾಧ್ಯತೆ ಇದ್ದೇ ಇದೆ. ಕಂಟೋನ್ಮೆಂಟ್ ಕಡೆಯ ಹಳೇ ಬಂಗಲೆಗಳಿಂದ ಬಂದ ಪುಸ್ತಕದ ರಾಶಿ ಕಂಡರೆ ಪುಟದ ಮಧ್ಯೆ ನೋಡಿ. ಇಲ್ಲಿಯ ಜನ ಇವನ್ನು ಪುಸ್ತಕದ ಗುರುತಿಗೂ ಇಡುತ್ತಿದ್ದರು. ಸಿಕ್ಕರೆ ಬೆನ್ನಿನ ಫೋಟೋ ಹಾಕಿ, ಮುಂದಿನದ್ದಲ್ಲ. ಸರಣಿ ಯಾವುದು ಅಂತ ಹೇಳುತ್ತೇನೆ.