ರೆಪ್ಪೆ ಆಪರೇಷನ್ ಆದ ಮಗುವಿಗೆ ಹುಬ್ಬಿನ ಮೇಲೆ ಕೀವು: ಕಣ್ಣಿನ ಡಾಕ್ಟರನ್ನು ಕೇಳಿ

ಬೊಮ್ಮನಹಳ್ಳಿಯ ಅಮ್ಮ: ಡಾಕ್ಟ್ರೇ, ಮಗಳಿಗೆ 4 ವರ್ಷ. ಹುಟ್ಟಿನಿಂದ ಬಲಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಹೋದ ವರ್ಷ ಸಿಲಿಕಾನ್ ಎಳೆ ಹಾಕಿ ರೆಪ್ಪೆಯನ್ನು ಹುಬ್ಬಿಗೆ ಕಟ್ಟಿದರು. ಈಗ ಹುಬ್ಬಿನ ಮೇಲೆ ಗುಳ್ಳೆಯಾಗಿ ಕೀವು ಬರುತ್ತಿದೆ. ಆಂಟಿಬಯಾಟಿಕ್ ಸಿರಪ್ ಕೊಟ್ಟರೆ ಒಣಗುತ್ತದೆ, ನಿಲ್ಲಿಸಿದರೆ ಮತ್ತೆ ಶುರು. ಇದು ಮೂರನೇ ಸಲ.

ಡಾಕ್ಟರ್: ಮತ್ತೆ ಮತ್ತೆ ಬರುತ್ತಿದೆ ಅನ್ನುವುದೇ ನನಗೆ ಚಿಂತೆ. ಸಿಲಿಕಾನ್ ಮೈಮೇಲೆ ಬ್ಯಾಕ್ಟೀರಿಯಾ ಲೋಳೆಯಂಥ ಪದರ ಕಟ್ಟಿಕೊಂಡು ಕೂತರೆ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಸುತ್ತಲಿನ ಊತ ಇಳಿಯುತ್ತದೆ ಅಷ್ಟೇ. ಆಪರೇಷನ್ ಆಗಿ ವರ್ಷಗಳಾದ ಮೇಲೂ ಹೀಗಾಗಬಹುದು. ಇನ್ನೊಂದು ಸಿರಪ್ ನೀವೇ ತಂದು ಕೊಡಬೇಡಿ. ಆಪರೇಷನ್ ಮಾಡಿದವರಿಗೆ ತೋರಿಸಿ, ಕೀವನ್ನು ಕಲ್ಚರ್‌ಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ನೋಡುವ ಲ್ಯಾಬ್ ಪರೀಕ್ಷೆಗೆ, ಕಳಿಸಲಿ. ಬಹುಶಃ ಎಳೆ ತೆಗೆಯಬೇಕಾಗುತ್ತದೆ. ತೆಗೆದ ತಕ್ಷಣ ರೆಪ್ಪೆ ಪೂರ್ತಿ ಬೀಳಲೇಬೇಕು ಅಂತಿಲ್ಲ, ಗಾಯ ಮಾಗಿ ಗಟ್ಟಿಯಾದ ಜಾಗವೇ ಸ್ವಲ್ಪ ಹಿಡಿದಿರಬಹುದು. ಬಿದ್ದರೂ, ಸೋಂಕು ಹೋದ ಮೇಲೆ ಮಗುವಿನ ತೊಡೆಯ ಸ್ನಾಯುವಿನ ಮೇಲಿರುವ ಗಟ್ಟಿ ಪೊರೆಯ ಪಟ್ಟಿ ತೆಗೆದು, ಎಳೆಯ ಬದಲು ಅದರಿಂದ ರೆಪ್ಪೆಯನ್ನು ಮತ್ತೆ ಕಟ್ಟಬಹುದು. ಸಾಮಾನ್ಯವಾಗಿ 3 ವರ್ಷ ದಾಟಿದವರಲ್ಲಿ ಅದು ಆಗುತ್ತದೆ. ಅಲ್ಲಿಯವರೆಗೆ ರೆಪ್ಪೆ ಪಾಪೆಯನ್ನು ಮುಚ್ಚುತ್ತಿದ್ದರೆ ಆ ಕಣ್ಣಿನ ದೃಷ್ಟಿ ಬೆಳೆಯದೆ ಉಳಿದುಬಿಡಬಹುದು, ಪರೀಕ್ಷೆ ತಪ್ಪಿಸಬೇಡಿ. ಜ್ವರ ಇದೆಯಾ?

ಜಯನಗರದ ಅಜ್ಜಿ: ನಂದಿಬಟ್ಟಲು ಹೂವಿನ ರಸ ಎರಡು ಹನಿ ಬಿಡಮ್ಮ, ತಂಪು. ಫಾರ್ವರ್ಡ್ ಬಂದಿದೆ ನೋಡು.

ಡಾಕ್ಟರ್: ಬಿಡಬೇಡಿ. ಹೂವಿನ ರಸ, ಎದೆಹಾಲು, ಜೇನು, ಹರಳೆಣ್ಣೆ, ಯಾವುದೂ ಬೇಡ. ಈ ಆಪರೇಷನ್ ಆದ ಕಣ್ಣು ಸಾಮಾನ್ಯವಾಗಿ ನಿದ್ದೆಯಲ್ಲಿ ಪೂರ್ತಿ ಮುಚ್ಚುವುದಿಲ್ಲ, ಕರಿಗುಡ್ಡೆ ಒಣಗಿರಬಹುದು. ಅದರ ಮೇಲೆ ಇದನ್ನೆಲ್ಲ ಸುರಿದರೆ ಹುಣ್ಣಾಗಬಹುದು.

ಯಲಹಂಕದ ಅಪ್ಪ: ಸರ್, ನನ್ನ ಮಗ ಆಪರೇಷನ್ ಆದಮೇಲೆ ಅರೆಗಣ್ಣಲ್ಲಿ ಮಲಗುತ್ತಾನೆ, ನಾರ್ಮಲ್ಲಾ?

ಡಾಕ್ಟರ್: ಈಗಷ್ಟೇ ಬರೆದೆ. ಕೊಟ್ಟಿರುವ ಮುಲಾಮು ರಾತ್ರಿ ತಪ್ಪದೆ ಹಚ್ಚಿ. ಕಣ್ಣು ಕೆಂಪಾದರೆ ತೋರಿಸಿ.

ಪೀಣ್ಯದ ಸದಸ್ಯ: ಎಳೆ ತೆಗೆಯೋಕೆ ಇನ್ಶೂರೆನ್ಸ್ ಸಿಗುತ್ತಾ?

ಕೆಂಗೇರಿಯ ಅಪ್ಪ: ಎಲ್ಲ ದುಡ್ಡಿನ ಆಟ. ಮೊದಲೇ ತೊಡೆಯ ನರ ಹಾಕಿದ್ದರೆ ಈ ಗೋಳೇ ಇರಲಿಲ್ಲ.

ಡಾಕ್ಟರ್: ನರ ಅಲ್ಲ, ಪೊರೆ.

ಮಲ್ಲೇಶ್ವರದ ಅಕ್ಕ: ನಮ್ಮ ಮಗನಿಗೂ ಸಿಲಿಕಾನೇ, ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಕೆಂಗೇರಿಯ ಅಪ್ಪ: ನಿಮ್ಮ ಮಗನಿಗೆ ಆಗಿಲ್ಲ ಅಂದರೆ ಯಾರಿಗೂ ಆಗಲ್ವಾ?

ಮಲ್ಲೇಶ್ವರದ ಅಕ್ಕ: ನೀವೇನು ಡಾಕ್ಟರಾ? ಆ ಮಗುವಿನ ಅಮ್ಮ ಓದುತ್ತಿದ್ದಾರೆ, ಸ್ವಲ್ಪ ನೋಡಿ ಮಾತಾಡಿ.

ಜಯನಗರದ ಅಜ್ಜಿ: ಅರಿಶಿನದ ನೀರಾದರೂ...

ಡಾಕ್ಟರ್: ಅಜ್ಜಿ, ಬೇಡ ಅಂದೆ.

ಬೊಮ್ಮನಹಳ್ಳಿಯ ಅಮ್ಮ: ಈಗ ನೋಡಿದೆ, ಜ್ವರ 101 ಇದೆ. ರೆಪ್ಪೆ ಊದಿದೆ, ಕಣ್ಣು ಆಡಿಸಿದರೆ ನೋವು ಅಂತಾಳೆ. ಆಪರೇಷನ್ ಮಾಡಿದ ಆಸ್ಪತ್ರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಬೇಕು, ನಾಳೆ ಬೆಳಿಗ್ಗೆ ಹೋಗಲಾ?

ಡಾಕ್ಟರ್: ಈಗಲೇ ಹೊರಡಿ. ಆಡಿಸಿದರೆ ನೋವು ಅಂದರೆ ಸೋಂಕು ಕಣ್ಣಿನ ಗುಳಿಯೊಳಗೆ ಇಳಿದಿರಬಹುದು. ಆ ಆಸ್ಪತ್ರೆಯೇ ಆಗಬೇಕಿಲ್ಲ, ಕಣ್ಣಿನ ಡಾಕ್ಟರೂ ಮಕ್ಕಳ ಡಾಕ್ಟರೂ ಇರುವ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಸ್ಕ್ಯಾನ್ ಬೇಕಾಗಬಹುದು, ಇಂಜೆಕ್ಷನ್ ಕೊಡಲು ಅಡ್ಮಿಟ್ ಮಾಡಬಹುದು. ಒಳಗೆ ಸಿಲಿಕಾನ್ ಇದೆ ಅಂತ ಮೊದಲೇ ಹೇಳಿ, ಹಳೆಯ ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ.