ಹೊಗೆ ಬಂದ ಬಿಬಿಸಿ ಮೈಕ್ರೋ ಉಳಿದೀತೇ?

ಪ್ರಶ್ನೆ, ಬದಿಯಡ್ಕದಿಂದ:
ನಮ್ಮ ಮಾವ ಮೇಷ್ಟ್ರಾಗಿದ್ದವರು. ಅವರ ಅಟ್ಟದಲ್ಲಿ ಬಿಬಿಸಿ ಮೈಕ್ರೋ ಮಾಡೆಲ್ ಬಿ ಎಂಬ ಹಳೆ ಕಂಪ್ಯೂಟರ್ ಸಿಕ್ಕಿತು. ಟಿವಿಗೆ ಜೋಡಿಸಿದೆ, ಚೆನ್ನಾಗಿಯೇ ಓಡಿತು. ಹತ್ತು ನಿಮಿಷ ಆಗುವಾಗ ಟಪ್ ಅಂತ ಸದ್ದು, ಹಿಂದಿನಿಂದ ದಟ್ಟ ಹೊಗೆ, ಕೆಟ್ಟ ವಾಸನೆ. ಪೇಟೆಯ ರಿಪೇರಿಯವರೊಬ್ಬರು ಫ್ಯೂಸಿಗೆ ತಂತಿ ಸುತ್ತಿ "ಹಾಕಿ ನೋಡಿ" ಅಂದರು. ನನಗೆ ಧೈರ್ಯ ಬರುವುದಿಲ್ಲ.

ಉತ್ತರ, ಕುಂಬಳೆಯ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್:
ಹಾಕದೆ ಇದ್ದದ್ದು ಒಳ್ಳೆಯದಾಯಿತು. ಆ ತಂತಿಯನ್ನು ಮೊದಲು ತೆಗೆಯಿರಿ. ಫ್ಯೂಸ್ ಹೋಗಬೇಕಾದಲ್ಲಿ ಹೋಗದಿದ್ದರೆ ಮನೆಯೇ ಹೊತ್ತೀತು.

ಕಂಪ್ಯೂಟರ್ ಸತ್ತಿರುವ ಸಾಧ್ಯತೆ ಕಡಿಮೆ. 1981ರಲ್ಲಿ ಬಂದ ಮೆಷಿನ್ ಇದು, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 1984ರ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂತು. ಇದರ ಪವರ್ ಸಪ್ಲೈಯಲ್ಲಿ 230 ವೋಲ್ಟಿನ ಲೈನಿಗೆ ಅಡ್ಡವಾಗಿ, ಲೈನಿನ ಗದ್ದಲ ಸೋಸುವ ಫಿಲ್ಟರ್ ಕೆಪಾಸಿಟರ್‌ಗಳು ಉಂಟು: ಒಂದು 0.1, ಇನ್ನೊಂದು 0.01 ಮೈಕ್ರೋಫ್ಯಾರಡ್. ಜೇನಿನ ಬಣ್ಣದ, ಒಳಗೆ ಸುರುಳಿ ಕಾಣುವ ಚೌಕ ಡಬ್ಬಿ. ಲೆನ್ಸ್ ಹಿಡಿದು ನೋಡಿ, ಮೇಲೆಲ್ಲ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಒಳಗಿರುವುದು ಕಾಗದ. ನಮ್ಮ ಆಟಿ ತಿಂಗಳ ಮಳೆಯ ತೇವ ಆ ಬಿರುಕಿನಿಂದ ಇಳಿದು ಕಾಗದ ನೆನೆಯುತ್ತದೆ, ಕರೆಂಟ್ ಕೊಟ್ಟಾಗ ಸಿಡಿಯುತ್ತದೆ. ಅದು ಬರೀ ಫಿಲ್ಟರ್ ಆದ ಕಾರಣ ಮುಂದಿನ ಭಾಗಕ್ಕೆ ಹೆಚ್ಚಾಗಿ ಏನೂ ಆಗುವುದಿಲ್ಲ.

ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟಿನಷ್ಟು ಡಿಸಿ ನಿಂತಿರಬಹುದು. ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಚಟವೂ ಬೇಡ, ರೆಸಿಸ್ಟರ್ ಹಿಡಿದು ಇಳಿಸಿ. ಇದರ ಅಭ್ಯಾಸ ಇಲ್ಲದಿದ್ದರೆ ದಯವಿಟ್ಟು ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಬದಲಿಗೆ 275 ವೋಲ್ಟ್ ಎಸಿಯ ಎಕ್ಸ್2 ದರ್ಜೆಯದ್ದೇ, ಅಂದರೆ ಮೇನ್ಸ್ ಲೈನಿಗೆ ಅಡ್ಡವಾಗಿ ಹಾಕಲೆಂದೇ ಮಾಡಿದ್ದೇ ಬೇಕು. ಅಂಗಡಿಯಲ್ಲಿ "400 ವೋಲ್ಟಿಂದು ಸಾಕು" ಅಂತ ಡಿಸಿಯದ್ದು ಕೊಟ್ಟರೆ ತೆಗೆದುಕೊಳ್ಳಬೇಡಿ.

ಪ್ರಶ್ನೆ:
ಎರಡೂ ಬದಲಾಯಿಸಿ, ಸರಿಯಾದ ಫ್ಯೂಸ್ ಹಾಕಿಸಿದೆ. ಈಗ ಸಪ್ಲೈಯನ್ನು ನೇರ ಕಂಪ್ಯೂಟರಿನ ಬೋರ್ಡಿಗೆ ಕೊಡಬಹುದಾ?

ಉತ್ತರ:
ಅವಸರ ಬೇಡ ಮಾರಾಯ್ರೆ. ಬೋರ್ಡಿನಿಂದ ವಯರ್ ಕೀಳುವ ಮೊದಲು ಫೋಟೋ ತೆಗೆದಿಡಿ. ಕೆಂಪು ಮೂರು 5 ವೋಲ್ಟ್, ಕಪ್ಪು ಮೂರು ಸೊನ್ನೆ, ನೇರಳೆ ಒಂದು ಮೈನಸ್ 5. ಅದಲುಬದಲಾದರೆ ಚಿಪ್ಪುಗಳು ಹೋಗುತ್ತವೆ. ಲೋಡ್, ಅಂದರೆ ಕರೆಂಟ್ ಎಳೆಯುವ ವಸ್ತು, ಇಲ್ಲದೆ ಈ ಸಪ್ಲೈ ಸರಿಯಾಗಿ ಓಡುವುದಿಲ್ಲ. ಹಾಗಾಗಿ ಕೆಂಪು ಕಪ್ಪಿನ ನಡುವೆ ಕಾರಿನ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಹಾಕಿ, ಮೇನ್ಸಿಗೆ ಸೀರೀಸಿನಲ್ಲಿ 60 ವ್ಯಾಟಿನ ಹಳೆ ಕಾಲದ ತಂತಿ ಬಲ್ಬ್ ಕೊಡಿ. ದೊಡ್ಡ ಬಲ್ಬ್ ಒಮ್ಮೆ ಮಿಂಚಿ ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಉಂಟು. ಕೆಂಪು ಕಪ್ಪಿನ ನಡುವೆ ಮೀಟರಿನಲ್ಲಿ 4.75ರಿಂದ 5.25 ವೋಲ್ಟಿನೊಳಗೆ ಬಂದರೆ ಮಾತ್ರ ಬೋರ್ಡಿಗೆ ಕೊಡಿ.

ಪ್ರಶ್ನೆ:
5.04 ಬಂತು! ಬೋರ್ಡಿಗೆ ಕೊಟ್ಟೆ. ಬೀಪ್ ಎರಡು ಸಲ, ಪರದೆಯಲ್ಲಿ ಬೇಸಿಕ್ (ಪ್ರೋಗ್ರಾಂ ಬರೆಯುವ ಭಾಷೆಯ ಹೆಸರು) ಅಂತಲೂ ಬಂತು. ಮಾವ ಕುರ್ಚಿ ಎಳೆದು ಕೂತರು. ಆದರೆ ಅಕ್ಷರ ಸ್ವಲ್ಪ ನಡುಗುತ್ತದೆ.

ಉತ್ತರ:
ಬಹಳ ಸಂತೋಷ. ಎರಡು ಸಲ ಬೀಪ್ ಬಂದರೆ ಪ್ರೊಸೆಸರ್ ಎಚ್ಚರಾಗಿದೆ ಎಂದರ್ಥ. ಒಂದೇ ಸದ್ದು ಎಳೆಯುತ್ತಲೇ ಇದ್ದಿದ್ದರೆ ನನಗೂ ಹೆದರಿಕೆಯಾಗುತ್ತಿತ್ತು. ಅದೇ 5 ವೋಲ್ಟಿನ ಮೇಲೆ ಮೀಟರನ್ನು ಎಸಿಗೆ ತಿರುಗಿಸಿ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚು ಕಂಡರೆ ಔಟ್‌ಪುಟ್ ಬದಿಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿವೆ. 105 ಡಿಗ್ರಿ ಶಾಖ ತಾಳುವ, ಇಎಸ್ಆರ್ (ಒಳಗಿನ ರೆಸಿಸ್ಟೆನ್ಸ್) ಕಡಿಮೆ ಇರುವವನ್ನೇ ಹಾಕಿಸಿ. ಅಲ್ಲಿಯ ತನಕ ಮಾವನಿಗೆ ಅರ್ಧ ಗಂಟೆಗಿಂತ ಹೆಚ್ಚು ಓಡಿಸಲು ಬಿಡಬೇಡಿ.