ಮಗುವಿನ ಒಂದು ರೆಪ್ಪೆ ಇಳಿದಿದೆ, ಕಾಯಬಹುದಾ?

ಕೊಡಗಿನ ಅಪ್ಪ ಅಮ್ಮಂದಿರ ಗುಂಪು. ಈ ಭಾನುವಾರ ಕಣ್ಣಿನ ಡಾಕ್ಟರ ಜೊತೆ ಪ್ರಶ್ನೋತ್ತರ. ವಿಷಯ: ರೆಪ್ಪೆ ಮತ್ತು ಕಣ್ಣಿನ ಗೂಡು.

ವಿರಾಜಪೇಟೆ ಕಡೆಯ ಒಬ್ಬ ತಾಯಿ: ನಮಸ್ತೆ ಡಾಕ್ಟ್ರೇ. ಮಗಳಿಗೆ ಈಗ ಐದು ತಿಂಗಳು. ಹುಟ್ಟಿದಾಗಿನಿಂದ ಎಡಗಣ್ಣಿನ ರೆಪ್ಪೆ ಅರ್ಧ ಇಳಿದೇ ಇದೆ. ಆದರೆ ನಿದ್ದೆ ಮಾಡುವಾಗ ಅದೇ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಸಣ್ಣ ಗೆರೆಯಷ್ಟು ಬಿಳಿ ಕಾಣುತ್ತದೆ. ಅತ್ತೆ, ನಾನು ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ ಹೀಗಾಯ್ತು ಅಂತಾರೆ. ಪಕ್ಕದ ಮನೆಯವರು, ದಿನಾ ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆ ಅಂದರು. ಒಂದು ವರ್ಷ ಕಾಯಬಹುದಾ?

ಡಾಕ್ಟರು: ನೋಡಮ್ಮಾ, ಮೊದಲು ಆ ಗ್ರಹಣದ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ನೀವು ಮಾಡಿದ್ದರಿಂದ ಅಥವಾ ಮಾಡದೆ ಬಿಟ್ಟಿದ್ದರಿಂದ ಇದು ಬಂದಿಲ್ಲ.

ಮೇಲಿನ ರೆಪ್ಪೆಯನ್ನು ಎತ್ತುವುದಕ್ಕೆಂದೇ ಒಂದು ಸ್ನಾಯು ಇದೆ. ಅದು ಹುಟ್ಟುವುದು ರೆಪ್ಪೆಯಲ್ಲಲ್ಲ, ಕಣ್ಣಿನ ಗೂಡಿನ ತೀರಾ ಹಿಂದೆ. ಅಲ್ಲಿಂದ ಕಣ್ಣುಗುಡ್ಡೆಯ ಮೇಲೆ ಹಾದು ಬಂದು, ರೆಪ್ಪೆಯೊಳಗಿನ ಗಟ್ಟಿ ಪಟ್ಟಿಗೆ ಹಿಡಿದುಕೊಳ್ಳುತ್ತದೆ. ಬಾವಿಯ ರಾಟೆ ಮೇಲೆ ಹಗ್ಗ ಬಂದ ಹಾಗೆ ಅಂದುಕೊಳ್ಳಿ. ಹಿಂದೆ ಎಳೆದರೆ ಮುಂದೆ ರೆಪ್ಪೆ ಏಳುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲಿ, ಕಣ್ಣನ್ನು ಮೇಲಕ್ಕೆ ತಿರುಗಿಸುವ ಸ್ನಾಯುವಿನಿಂದಲೇ ಕವಲೊಡೆದು ಇದು ಬೆಳೆಯುತ್ತದೆ. ಕೆಲವು ಮಕ್ಕಳಲ್ಲಿ ಆ ಬೆಳವಣಿಗೆ ಸರಿಯಾಗಿ ಆಗುವುದಿಲ್ಲ. ಸ್ನಾಯು ಇರಬೇಕಾದ ಕಡೆ ನಾರು ಮತ್ತು ಕೊಬ್ಬು ತುಂಬಿಕೊಂಡಿರುತ್ತದೆ.

ನಾರಿಗೆ ಎಳೆಯುವುದಕ್ಕೂ ಬರುವುದಿಲ್ಲ, ಸಡಿಲ ಬಿಡುವುದಕ್ಕೂ ಬರುವುದಿಲ್ಲ. ಅದಕ್ಕೇ ಎಚ್ಚರ ಇದ್ದಾಗ ರೆಪ್ಪೆ ಪೂರ್ತಿ ಏಳದು, ನಿದ್ದೆಯಲ್ಲಿ ಪೂರ್ತಿ ಇಳಿಯದು. ಆ ಸಣ್ಣ ಬಿಳಿ ಗೆರೆಯನ್ನು ನೀವು ಗಮನಿಸಿದ್ದು ಬಹಳ ಒಳ್ಳೆಯದಾಯ್ತು. ಮಗು ಕೆಳಗೆ ಆಟಿಕೆ ನೋಡುವಾಗ ಇನ್ನೊಮ್ಮೆ ನೋಡಿ. ಇಳಿದ ರೆಪ್ಪೆಯೇ ಆಗ ಇನ್ನೊಂದಕ್ಕಿಂತ ಸ್ವಲ್ಪ ಮೇಲೆ ನಿಂತಿರಬಹುದು. ಆ ಕಣ್ಣಿನ ರೆಪ್ಪೆಯ ಮೇಲೆ ಮಡಿಕೆಯ ಗೆರೆಯೂ ಕಾಣದಿರಬಹುದು. ಆ ಮಡಿಕೆ ಮೂಡುವುದೂ ಇದೇ ಸ್ನಾಯುವಿನಿಂದ.

ನೀವುವುದರಿಂದ ಇಲ್ಲದ ಸ್ನಾಯು ಬೆಳೆಯುವುದಿಲ್ಲ. ದಯವಿಟ್ಟು ಎಣ್ಣೆ ಹಚ್ಚಬೇಡಿ.

ಈಗ ಕಾಯುವ ಮಾತು. ರೆಪ್ಪೆ ಎಷ್ಟು ಇಳಿದಿದೆ ಅನ್ನುವುದಕ್ಕಿಂತ, ಅದು ಕಣ್ಣಿನ ಪಾಪೆಯನ್ನು ಮುಚ್ಚುತ್ತಿದೆಯಾ ಅನ್ನುವುದು ಮುಖ್ಯ. ಮಗುವಿನ ಮೆದುಳು ನೋಡುವುದನ್ನು ಕಲಿಯುವುದು ಈ ವಯಸ್ಸಿನಲ್ಲೇ. ಬೆಳಕು ಒಳಗೆ ಹೋಗದ ಕಣ್ಣನ್ನು ಮೆದುಳು ಕೈಬಿಡುತ್ತದೆ. ಸೋಮಾರಿ ಕಣ್ಣು ಅನ್ನುವುದು ಇದನ್ನೇ. ಆಮೇಲೆ ರೆಪ್ಪೆಯನ್ನು ಎಷ್ಟು ಚಂದ ಎತ್ತಿ ಹೊಲಿದರೂ ಕಳೆದುಹೋದ ನೋಟ ಅಷ್ಟು ಸುಲಭಕ್ಕೆ ಬರುವುದಿಲ್ಲ. ಪಾಪೆ ಮುಚ್ಚದಿದ್ದರೂ, ರೆಪ್ಪೆಯ ಒತ್ತಡಕ್ಕೆ ಕಣ್ಣಿನ ಮುಂಭಾಗದ ಆಕಾರ ಬದಲಾಗಿ ಕನ್ನಡಕ ಬೇಕಾಗಬಹುದು. ಆದ್ದರಿಂದ ಆಪರೇಷನ್‌ಗೆ ಕಾಯಬಹುದೇನೋ, ತೋರಿಸುವುದಕ್ಕೆ ಕಾಯಬೇಡಿ. ಈ ವಾರವೇ ಹೋಗಿ.

ಮನೆಯಲ್ಲಿ ಒಂದು ಕೆಲಸ ಮಾಡಿ. ಮಗು ಆಡುತ್ತಿರುವಾಗ ಬಲಗಣ್ಣನ್ನು ನಿಮ್ಮ ಅಂಗೈಯಿಂದ ಮರೆಮಾಡಿ, ಹೇಗಿರುತ್ತಾಳೆ ನೋಡಿ. ಆಮೇಲೆ ಎಡಗಣ್ಣನ್ನು ಮರೆಮಾಡಿ. ಒಳ್ಳೆಯ ಕಣ್ಣು ಮುಚ್ಚಿದಾಗ ಮಾತ್ರ ಅತ್ತು ಕೈ ತಳ್ಳಿದರೆ, ಎಡಗಣ್ಣಿನಲ್ಲಿ ಕಡಿಮೆ ಕಾಣುತ್ತಿದೆ ಅಂತ ಅನುಮಾನ ಪಡಬೇಕು. ಎದೆಹಾಲು ಕುಡಿಯುವಾಗ ಒಂದು ವಿಡಿಯೋನೂ ಮಾಡಿ. ಮುಖ ಮಾತ್ರ ಕಂಡರೆ ಸಾಕು.

ಅದೇ ತಾಯಿ: ಹಾಲು ಕುಡಿಯುವಾಗ ಯಾಕೆ?

ಡಾಕ್ಟರು: ಕೆಲವು ಮಕ್ಕಳಲ್ಲಿ, ದವಡೆ ಆಡಿಸುವ ನರದ ಒಂದು ಎಳೆ ಗರ್ಭದಲ್ಲೇ ದಾರಿ ತಪ್ಪಿ ರೆಪ್ಪೆಯ ಸ್ನಾಯುವಿಗೆ ಸೇರಿಕೊಂಡಿರುತ್ತದೆ. ಮಗು ಹಾಲು ಚೀಪಿದಾಗಲೆಲ್ಲ ರೆಪ್ಪೆ ಮೇಲಕ್ಕೆ ಕೆಳಕ್ಕೆ ಹಾರುತ್ತದೆ. ಹಾಗಿದ್ದರೆ ಆಪರೇಷನ್‌ನ ಲೆಕ್ಕವೇ ಬೇರೆ.

ಮಡಿಕೇರಿಯ ಒಬ್ಬ ಪಿಯು ವಿದ್ಯಾರ್ಥಿನಿ: ಸರ್, ನಮ್ಮ ಬೆಕ್ಕಿನ ಮರಿಗಳು ಕಣ್ಣು ಮುಚ್ಚಿಕೊಂಡೇ ಹುಟ್ಟಿದವು. ಮನುಷ್ಯರ ರೆಪ್ಪೆಯೂ ಹೊಟ್ಟೆಯೊಳಗೆ ಅಂಟಿಕೊಂಡಿರುತ್ತದಾ?

ಡಾಕ್ಟರು: ಹೌದಮ್ಮಾ, ನಮ್ಮದೂ ಅಂಟಿಕೊಂಡಿರುತ್ತದೆ. ಗರ್ಭದ ಸುಮಾರು ಏಳನೇ ವಾರದ ಹೊತ್ತಿಗೆ ಕಣ್ಣಿನ ಮೇಲೆ ಕೆಳಗೆ ಚರ್ಮದ ಎರಡು ಮಡಿಕೆ ಏಳುತ್ತವೆ. ಅವು ಒಂದರ ಕಡೆಗೊಂದು ಬೆಳೆದು, ಮೂರನೇ ತಿಂಗಳಲ್ಲಿ ಅಂಚಿಗೆ ಅಂಚು ಕೂಡಿಕೊಳ್ಳುತ್ತವೆ. ಮತ್ತೆ ಬಿಡಿಸಿಕೊಳ್ಳುವುದು ಆರು, ಏಳನೇ ತಿಂಗಳ ಹೊತ್ತಿಗೆ. ಈ ಮುಚ್ಚಿದ ಕಾಲ ಸುಮ್ನೆ ಕಳೆಯುವುದಿಲ್ಲ. ರೆಪ್ಪೆ ಕೂದಲಿನ ಬೇರುಗಳು, ಅಂಚಿನ ಎಣ್ಣೆ ಗ್ರಂಥಿಗಳು ಎಲ್ಲ ತಯಾರಾಗುವುದು ಆಗಲೇ. ಆ ಗ್ರಂಥಿಗಳು ಕೊಡುವ ಎಣ್ಣೆಯೇ ಕಣ್ಣೀರು ಬೇಗ ಒಣಗದಂತೆ ಕಾಯುವುದು. ನಾವು ಆ ಕೆಲಸ ಹೊಟ್ಟೆಯಲ್ಲೇ ಮುಗಿಸಿ ಬರುತ್ತೇವೆ. ಬೆಕ್ಕಿನ ಮರಿ ಹುಟ್ಟಿದ ಮೇಲೆ ಒಂದೆರಡು ವಾರ ತೆಗೆದುಕೊಳ್ಳುತ್ತದೆ. ಅದರ ಕಣ್ಣನ್ನು ಬೆರಳಿನಿಂದ ಬಿಡಿಸಬೇಡ, ತಾನೇ ಬಿಡುತ್ತದೆ.

ನಾಪೋಕ್ಲು ಕಡೆಯ ಒಬ್ಬರು: ಡಾಕ್ಟ್ರೇ, ಸ್ವಲ್ಪ ಅವಸರ. ಅಣ್ಣನ ಮಗ, ಹನ್ನೊಂದು ವರ್ಷ. ನಿನ್ನೆ ಸಂಜೆ ಹಾಕಿ ಆಡುವಾಗ ಬಲಗಣ್ಣಿಗೆ ಚೆಂಡು ಬಡಿದಿದೆ. ಕಣ್ಣು ಕೆಂಪಾಗಿಲ್ಲ, ಊತವೂ ಅಷ್ಟಿಲ್ಲ. ಆದರೆ ರಾತ್ರಿಯಿಂದ ನಾಲ್ಕು ಸಲ ವಾಂತಿ. ಮೇಲೆ ನೋಡು ಅಂದರೆ ನೋವು ಅಂತಾನೆ, ಎರಡೆರಡು ಕಾಣುತ್ತದಂತೆ. ಪಿತ್ತ ಇರಬೇಕು ಅಂತ ಮನೆಯಲ್ಲಿ ಕಷಾಯ ಕೊಟ್ಟಿದ್ದಾರೆ.

ಡಾಕ್ಟರು: ಪಿತ್ತ ಅಲ್ಲ. ಈಗಲೇ ಹೊರಡಿ. ಸಿಟಿ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೂ ಸರಿ, ಮೈಸೂರಾದರೂ ಸರಿ. ತಲೆಗೂ ಪೆಟ್ಟಾಗಿದೆಯಾ ನೋಡಲಿ, ಕಣ್ಣಿನ ಗೂಡನ್ನೂ ನೋಡಲಿ ಅಂತ ಬಾಯಿಬಿಟ್ಟು ಹೇಳಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ, ಆಪರೇಷನ್ ಬೇಕಾಗಬಹುದು. ಮೂಗು ಜೋರಾಗಿ ಸೀಟಲು ಬಿಡಬೇಡಿ. ಕಣ್ಣು ಒತ್ತಬೇಡಿ.

ಅವರು ಹೊರಟಿರಲಿ, ಉಳಿದವರಿಗೆ ಕಾರಣ ಹೇಳುತ್ತೇನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ಮೇಲಂತೂ ನಮ್ಮಲ್ಲಿ ಸ್ಟಿಕ್ ಇಲ್ಲದ ಮನೆ ಅಪರೂಪ. ಹಾಗಾಗಿ ಇದು ನಮ್ಮೂರಿನ ಪ್ರತಿ ತಾಯಿ ತಂದೆಗೆ ಗೊತ್ತಿರಬೇಕು.

ಕಣ್ಣಿನ ಗೂಡು ಒಂದೇ ಮೂಳೆಯಲ್ಲ. ಏಳು ಮೂಳೆಗಳು ಸೇರಿ ಆಗಿದ್ದು. ಮುಂದಿನ ಅಂಚು ಗಟ್ಟಿ, ಹೊರಗಿನ ಗೋಡೆಯೂ ಗಟ್ಟಿ. ಮೂಗಿನ ಕಡೆಯ ಗೋಡೆ ಮತ್ತು ಕೆಳಗಿನ ನೆಲ ಮಾತ್ರ ಬಹಳ ತೆಳು. ಮೂಗಿನ ಕಡೆಯದಂತೂ ಕಾಗದದಷ್ಟೇ. ನೆಲದ ಕೆಳಗೆ ಕೆನ್ನೆಯ ಗಾಳಿ ಕೋಣೆ ಇದೆ. ದೊಡ್ಡವರಲ್ಲಿ ಗೂಡಿನ ಬಾಯಿ ಸುಮಾರು 4 ಸೆಂಟಿಮೀಟರ್ ಅಗಲ. ಹಾಕಿ ಚೆಂಡು 7 ಸೆಂಟಿಮೀಟರಿಗಿಂತ ದೊಡ್ಡದು, 160 ಗ್ರಾಮಿನ ಆಸುಪಾಸು ತೂಕ. ಅದು ಗೂಡಿನೊಳಗೆ ಹೋಗುವುದಿಲ್ಲ, ಬಾಯಿಗೆ ಬಡಿಯುತ್ತದೆ. ಆ ಪೆಟ್ಟು ಮತ್ತು ಒಳಗಿನ ಒತ್ತಡ ಸೇರಿ ತೆಳು ನೆಲ ಒಡೆಯುತ್ತದೆ.

ದೊಡ್ಡವರ ಮೂಳೆ ಚೂರಾಗುತ್ತದೆ. ಮಕ್ಕಳದು ಹಸಿ ಕಡ್ಡಿಯ ಹಾಗೆ. ಬಿರುಕು ಬಿಟ್ಟು ಕೆಳಕ್ಕೆ ಬಾಗಿ, ಮತ್ತೆ ಟಪ್ ಅಂತ ಮೇಲೆ ಬಂದು ಕೂರುತ್ತದೆ. ಆ ಒಂದು ಕ್ಷಣದಲ್ಲಿ ಕೆಳಗೆ ಇಳಿದ ಸ್ನಾಯು, ಇಲಿಬೋನಿನ ಬಾಗಿಲಿಗೆ ಸಿಕ್ಕಿದ ಬಾಲದ ಹಾಗೆ ಕಚ್ಚಿಕೊಂಡುಬಿಡುತ್ತದೆ. ಹೊರಗೆ ನೋಡಿದರೆ ಕಣ್ಣು ಬಿಳಿಯಾಗಿ ಚೆನ್ನಾಗೇ ಇರುತ್ತದೆ. ಮೋಸವಾಗುವುದು ಅಲ್ಲೇ. ಸಿಕ್ಕಿಕೊಂಡ ಸ್ನಾಯು ಎಳೆದಾಗಲೆಲ್ಲ ನರದ ಮೂಲಕ ವಾಂತಿ ಬರುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ, ತಲೆ ಸುತ್ತುತ್ತದೆ. ರಕ್ತ ಸಿಗದ ಸ್ನಾಯು ಹೆಚ್ಚು ಹೊತ್ತು ಬಾಳುವುದಿಲ್ಲ. ಒಂದೆರಡು ದಿನದೊಳಗೆ ಬಿಡಿಸಬೇಕು.

ಕೆಲವರಿಗೆ ಕೆನ್ನೆ, ಮೇಲ್ದುಟಿ ಜೋಮು ಹಿಡಿದ ಹಾಗಾಗುತ್ತದೆ. ಆ ನರ ಇದೇ ನೆಲದೊಳಗೆ ಹೋಗುತ್ತದೆ. ಮೂಗು ಸೀಟಬೇಡಿ ಅಂದಿದ್ದು, ಒಡೆದ ಕಡೆಯಿಂದ ಗಾಳಿ ಕಣ್ಣಿನ ಗೂಡಿಗೆ ನುಗ್ಗುತ್ತದೆ ಅಂತ.

ಸೋಮವಾರಪೇಟೆಯ ಒಬ್ಬರು: ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸುವಾಗ ಜೇನು ಕಚ್ಚಿ ನನ್ನ ಎರಡೂ ರೆಪ್ಪೆ ಬಾತುಕೊಂಡಿತ್ತು. ಕೈಗೆ ಕಚ್ಚಿದ್ದು ಅಷ್ಟು ಊದಲಿಲ್ಲ. ಯಾಕೆ?

ಡಾಕ್ಟರು: ಮೈಯಲ್ಲೇ ತೀರಾ ತೆಳು ಚರ್ಮ ರೆಪ್ಪೆಯದು. ಅದರ ಕೆಳಗೆ ಕೊಬ್ಬಿನ ಪದರ ಇಲ್ಲವೇ ಇಲ್ಲ ಅನ್ನಬಹುದು, ಎಲ್ಲ ಸಡಿಲ. ನೀರು ತುಂಬಿಕೊಳ್ಳಲು ಜಾಗ ಜಾಸ್ತಿ. ಊತ ತಾನೇ ಇಳಿಯುತ್ತದೆ. ಆದರೆ ಉಸಿರು ಕಟ್ಟಿದರೆ ಅಥವಾ ಕಣ್ಣಿನ ಕರಿಗುಡ್ಡೆಗೇ ಚುಚ್ಚಿದ್ದರೆ ತಡ ಮಾಡಬೇಡಿ.

ಕುಶಾಲನಗರದ ಒಬ್ಬ ಅಜ್ಜಿ: ಮೊಮ್ಮಗನಿಗೆ ಎರಡು ತಿಂಗಳು. ಒಂದು ಕಣ್ಣಲ್ಲಿ ಸದಾ ನೀರು, ಬೆಳಗ್ಗೆ ಪಿಸುರು. ಇದಕ್ಕೂ ಓಡಬೇಕಾ?

ಡಾಕ್ಟರು: ಇದಕ್ಕೆ ಗಾಬರಿ ಬೇಡ ಅಜ್ಜಿ. ಕಣ್ಣೀರು ಮೂಗಿಗೆ ಇಳಿಯುವ ಕೊಳವೆಯ ಕೊನೆಯಲ್ಲಿ ಒಂದು ತೆಳು ಪೊರೆ ಇನ್ನೂ ತೆರೆದಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ವರ್ಷದೊಳಗೆ ತಾನೇ ತೆರೆಯುತ್ತದೆ. ನೀವುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಉಗುರು ಕತ್ತರಿಸಿ, ಕೈ ತೊಳೆದು, ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ ಕಿರುಬೆರಳಿಟ್ಟು ಕೆಳಕ್ಕೆ ಮೆಲ್ಲಗೆ ಒತ್ತಿ. ಒಮ್ಮೆ ಡಾಕ್ಟರ ಹತ್ತಿರ ತೋರಿಸಿ ಕಲಿತುಕೊಳ್ಳಿ. ಕಾಡಿಗೆ ಹಚ್ಚಬೇಡಿ. ಕಣ್ಣು ಕೆಂಪಾದರೆ, ಮೂಲೆಯಲ್ಲಿ ಗಂಟು ಬಂದರೆ ಅಥವಾ ಬೆಳಕಿಗೆ ಕಣ್ಣು ಬಿಡಲಾರದೆ ಅತ್ತರೆ ಕರೆದುಕೊಂಡು ಬನ್ನಿ.

ವಿರಾಜಪೇಟೆ ಕಡೆಯ ತಾಯಿ: ಡಾಕ್ಟ್ರೇ, ಹಾಲು ಕುಡಿಯುವಾಗ ನೋಡಿದೆ, ರೆಪ್ಪೆ ಹಾರುವುದಿಲ್ಲ. ಆದರೆ ಬಲಗಣ್ಣು ಮುಚ್ಚಿದ ಕೂಡಲೇ ಅತ್ತು ನನ್ನ ಕೈ ತಳ್ಳಿದಳು. ಎಡಗಣ್ಣು ಮುಚ್ಚಿದರೆ ನಗುತ್ತಾಳೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ.

ಡಾಕ್ಟರು: ಹಾಗಾದರೆ ವಾರ ಅಂದಿದ್ದೆನಲ್ಲ, ಅದೂ ಬೇಡ. ನಾಳೆಯೇ ಬನ್ನಿ, ಮಗುವನ್ನು ನಾನೇ ನೋಡುತ್ತೇನೆ. ಪಾಪೆ ಮುಚ್ಚಿದ್ದರೆ, ರೆಪ್ಪೆಯನ್ನು ಹುಬ್ಬಿನ ಸ್ನಾಯುವಿಗೆ ಒಂದು ತೆಳು ಪಟ್ಟಿಯಿಂದ ಕಟ್ಟುವ ಆಪರೇಷನ್ ಇದೆ, ಇಷ್ಟು ಚಿಕ್ಕ ಮಗುವಿಗೂ ಮಾಡುತ್ತಾರೆ. ಆಮೇಲೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಸ್ವಲ್ಪ ಹೊತ್ತು ಪಟ್ಟಿ ಹಾಕಿ, ಎಡಗಣ್ಣಿಗೆ ನೋಡುವುದನ್ನು ಕಲಿಸಬೇಕಾಗಬಹುದು. ಐದು ತಿಂಗಳಿಗೇ ಗೊತ್ತಾಯ್ತಲ್ಲ, ಕಲಿಯಲು ಅವಳಿಗೆ ಬೇಕಾದಷ್ಟು ಸಮಯ ಇದೆ. ಬರುವಾಗ ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಅವರಿಗೂ ನಾನೇ ಹೇಳುತ್ತೇನೆ.